ಟಂಕದೋಷದ ನಾಣ್ಯಗಳು

ಟಂಕಸಾಲೆಯಲ್ಲಿ ತಯಾರಾಗುವಾಗಲೇ ಏನೋ ಏರುಪೇರಾಗಿ, ತಪಾಸಣೆಯ ಕಣ್ಣಿಗೂ ಬೀಳದೆ ಚಲಾವಣೆಗೆ ಬಂದುಬಿಟ್ಟ ನಾಣ್ಯಗಳು. ಸಂಗ್ರಾಹಕರ ಬಾಯಲ್ಲಿ ಇವು ಬರೀ ‘ಎರರ್’. ಅಂಗಡಿಯಲ್ಲಿ ಸಿಕ್ಕ ಚಿಲ್ಲರೆಯಲ್ಲಿ ಒಂದು ನಾಣ್ಯದ ಅಂಚು ಚೂರು ಕಚ್ಚಿದಂತಿದ್ದರೆ, ಇಸವಿಯ ಅಂಕಿ ಎರಡೆರಡಾಗಿ ಕಂಡರೆ, ಅದನ್ನು ಎತ್ತಿಡಬೇಕೋ ಬಸ್ಸಿನ ಟಿಕೆಟಿಗೆ ಕೊಟ್ಟುಬಿಡಬೇಕೋ ಎಂಬ ಅನುಮಾನ ಸಹಜ. ದೋಷ ಯಾವ ಹಂತದಲ್ಲಿ ಆಯಿತು ಎಂದು ಹೇಳಬಲ್ಲವರಿಗೆ ಈ ಅನುಮಾನ ಬೇಗ ಬಗೆಹರಿಯುತ್ತದೆ. ಯಾವ ಹಂತದಲ್ಲೂ ಆಗಲು ಸಾಧ್ಯವಿಲ್ಲದ ದೋಷವಾದರೆ ಅದು ಟಂಕಸಾಲೆಯಿಂದ ಹೊರಬಂದ ಮೇಲೆ ಆದ ಪೆಟ್ಟು. ಅದಕ್ಕೆ ಮುಖಬೆಲೆಯ ಆಚೆ ಬೆಲೆಯಿಲ್ಲ.

ನಾಣ್ಯ ಹುಟ್ಟುವ ಬಗೆ

ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುವುದು ಮೊದಲ ಕೆಲಸ. ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಯಿಸಿ ಮೆದು ಮಾಡಿ, ತೊಳೆದು, ಒಂದು ಯಂತ್ರದಲ್ಲಿ ಒತ್ತಿ ಉರುಳಿಸಿ ಸುತ್ತಲೂ ಅಂಚು ಎಬ್ಬಿಸುತ್ತಾರೆ. ಆಮೇಲೆ ಪ್ರೆಸ್. ಅಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಬಿಲ್ಲೆಯ ಸುತ್ತ ಕಾಲರ್ ಎಂಬ ಉಕ್ಕಿನ ಬಳೆ. ಏಟು ಬಿದ್ದ ಕ್ಷಣ ಲೋಹ ಹರಿದು ಅಚ್ಚಿನ ತಗ್ಗುಗಳಿಗೆ ನುಗ್ಗುತ್ತದೆ. ಹೊರಕ್ಕೆ ಹರಡದಂತೆ ಅದನ್ನು ತಡೆಯುವುದು ಕಾಲರ್. ಅಂಚಿನ ಗೀರುಗಳನ್ನು ಮೂಡಿಸುವುದೂ ಅದೇ. ಇಂದಿನ ಪ್ರೆಸ್ ನಿಮಿಷಕ್ಕೆ ನೂರಾರು ನಾಣ್ಯ ಒತ್ತುತ್ತದೆ, ಒಂದು ಜೊತೆ ಅಚ್ಚಿನಿಂದ ಲಕ್ಷಗಟ್ಟಲೆ ನಾಣ್ಯ ಬರುತ್ತವೆ. ಈ ಹಂತಗಳಿಗೆ ತಕ್ಕಂತೆ ದೋಷಗಳನ್ನು ಬಿಲ್ಲೆಯ ದೋಷ, ಅಚ್ಚಿನ ದೋಷ, ಏಟಿನ ದೋಷ ಎಂದು ಮೂರಾಗಿ ವಿಂಗಡಿಸುವುದು ರೂಢಿ. ಅಚ್ಚಿನ ದೋಷ ಆ ಅಚ್ಚು ಕೆಲಸದಲ್ಲಿರುವಷ್ಟು ಕಾಲ ಪ್ರತಿ ನಾಣ್ಯದಲ್ಲೂ ಮರುಕಳಿಸುತ್ತದೆ. ಏಟಿನ ದೋಷ ಸಾಮಾನ್ಯವಾಗಿ ಆ ಒಂದೇ ನಾಣ್ಯಕ್ಕೆ ಸೇರಿದ್ದು. ಬೆಲೆಯ ಲೆಕ್ಕಾಚಾರವೆಲ್ಲ ಈ ವ್ಯತ್ಯಾಸದಿಂದ ಶುರುವಾಗುತ್ತದೆ.

ಭಾರತದಲ್ಲಿ ಈಗ ನಾಣ್ಯ ಒತ್ತುವ ಟಂಕಸಾಲೆಗಳು ನಾಲ್ಕು: ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನೋಯ್ಡಾದ ಚುಕ್ಕೆಯನ್ನು ‘ಹೆಚ್ಚುವರಿ ಚುಕ್ಕೆ’ ಎಂದೂ ಕೋಲ್ಕತ್ತದ ಖಾಲಿ ಜಾಗವನ್ನು ‘ಗುರುತು ಬಿಟ್ಟುಹೋದ ಅಪರೂಪ’ ಎಂದೂ ಮಾರಲು ಹೊರಡುವವರಿದ್ದಾರೆ. 1990ರ ದಶಕದ ಕೊನೆಯಲ್ಲಿ ಬೇಡಿಕೆ ಪೂರೈಸಲಾಗದೆ ವಿದೇಶಗಳ ಟಂಕಸಾಲೆಗಳಲ್ಲೂ ನಮ್ಮ ನಾಣ್ಯಗಳನ್ನು ಒತ್ತಿಸಿದ್ದುಂಟು. ಆಗಿನ ವಿಚಿತ್ರ ಅಕ್ಷರ, ಗುರುತುಗಳೂ ದೋಷಗಳಲ್ಲ.

ಬಿಲ್ಲೆಯ ದೋಷ

ಇವುಗಳಲ್ಲಿ ಹೆಚ್ಚು ಕಾಣಸಿಗುವುದು ಕ್ಲಿಪ್. ಪಟ್ಟಿ ಸರಿಯಾಗಿ ಮುಂದೆ ಸರಿಯದೆ, ಮೊದಲೇ ಕತ್ತರಿಸಿದ ತೂತಿನ ಮೇಲೆ ಕತ್ತರಿ ಮತ್ತೆ ಬಿದ್ದರೆ ಬಿಲ್ಲೆಯ ಒಂದು ಬದಿ ಅರ್ಧಚಂದ್ರದಂತೆ ಕಚ್ಚಿಹೋಗಿರುತ್ತದೆ. ಪಟ್ಟಿಯ ತುದಿಯ ಮೇಲೆ ಬಿದ್ದರೆ ಕಡಿತ ನೇರವಾಗಿರುತ್ತದೆ. ಅರ, ಕತ್ತರಿ ಹಿಡಿದು ಮನೆಯಲ್ಲೇ ಇಂಥದ್ದನ್ನು ಮಾಡುವವರೂ ಇರುವುದರಿಂದ ಪರೀಕ್ಷೆ ಅಗತ್ಯ. ಕಡಿತದ ಜಾಗ ಬಿಟ್ಟು ಅದಕ್ಕೆ ನೇರ ಎದುರಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಅಂಚು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡೂ ಕಡೆಯಿಂದ ಹಿಡಿದು ಒತ್ತುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆ ಒತ್ತಡ ಬೀಳುವುದಿಲ್ಲ. ಹಾಗಾಗಿ ನಿಜವಾದ ಕ್ಲಿಪ್ ನಾಣ್ಯದಲ್ಲಿ ಎದುರಿನ ಅಂಚು ಸಪ್ಪಟೆಯಾಗಿ, ಕೆಲವೊಮ್ಮೆ ಪೂರ್ತಿ ಮಾಯವಾಗಿರುತ್ತದೆ. ಸಂಗ್ರಾಹಕರು ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ಕಡಿತದ ಪಕ್ಕದ ಅಕ್ಷರಗಳು ಕೊಂಚ ಕಡಿತದತ್ತ ಎಳೆದುಕೊಂಡಂತೆಯೂ ಕಾಣುತ್ತವೆ, ಏಕೆಂದರೆ ಏಟು ಬಿದ್ದಾಗ ಲೋಹ ಖಾಲಿ ಜಾಗದ ಕಡೆಗೆ ಹರಿದಿರುತ್ತದೆ. ಚಲಾವಣೆಗೆ ಬಂದ ಮೇಲೆ ಕತ್ತರಿಸಿದ ನಾಣ್ಯದಲ್ಲಿ ಇವೆರಡೂ ಇರುವುದಿಲ್ಲ; ಅಕ್ಷರ ಅರ್ಧಕ್ಕೇ ಕತ್ತರಿಸಿಹೋಗಿರುತ್ತದೆ.

ತಪ್ಪು ಬಿಲ್ಲೆಯ ಮೇಲೆ ಒತ್ತಿದ ನಾಣ್ಯ ಇನ್ನೂ ಬೆಲೆಯುಳ್ಳದ್ದು, ಅದನ್ನು ಕಣ್ಣಿಗಿಂತ ತಕ್ಕಡಿ ಚೆನ್ನಾಗಿ ಹಿಡಿಯುತ್ತದೆ. 2011ರ ಮಾಲಿಕೆಯ ಒಂದು ರೂಪಾಯಿ 3.79 ಗ್ರಾಂ, ಎರಡು ರೂಪಾಯಿ 4.85 ಗ್ರಾಂ, ಐದು ರೂಪಾಯಿ 6 ಗ್ರಾಂ ತೂಗಬೇಕು. ಎರಡನೆಯ ದಶಮಾಂಶದವರೆಗೆ ತೋರಿಸುವ, ಚಿನ್ನದಂಗಡಿಗಳಲ್ಲಿರುವಂಥ ಪುಟ್ಟ ತಕ್ಕಡಿ ಸಾಕು. ಅಯಸ್ಕಾಂತವೂ ನೆರವಾಗುತ್ತದೆ. 1990ರ ದಶಕದ ಸ್ಟೀಲ್ ರೂಪಾಯಿ ಅದಕ್ಕೆ ಅಂಟಿಕೊಳ್ಳುತ್ತದೆ, ಅದಕ್ಕೆ ಹಿಂದಿನ ತಾಮ್ರ-ನಿಕಲ್ ರೂಪಾಯಿ ಅಂಟುವುದಿಲ್ಲ. ಆದರೆ ಅವಸರದ ತೀರ್ಮಾನ ಸಲ್ಲದು. ಹೆಬ್ಬೆರಳು ಎತ್ತಿದ ಹಸ್ತಮುದ್ರೆಯ 2007ರ ಒಂದು ರೂಪಾಯಿ ಮತ್ತು 2011ರ ಎರಡು ರೂಪಾಯಿ ಎರಡೂ 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕದವೇ. ‘ಒಂದು ರೂಪಾಯಿ ಬಿಲ್ಲೆಯ ಮೇಲೆ ಎರಡು ರೂಪಾಯಿ’ ಎಂದು ಯಾರಾದರೂ ಸಂಭ್ರಮಿಸಿದರೆ ಅದು ಸರ್ಕಾರವೇ ಬದಲಿಸಿದ ಅಳತೆಯ ಫಲವಷ್ಟೇ.

ಮೇಲ್ಪದರ ಸಿಪ್ಪೆಯಂತೆ ಏಳುವ ಲ್ಯಾಮಿನೇಶನ್ ಮಿಶ್ರಲೋಹ ಸರಿಯಾಗಿ ಬೆರೆಯದ್ದರಿಂದ ಬರುವ ದೋಷ. ದೊಡ್ಡದಾಗಿದ್ದರೆ ಮಾತ್ರ ಯಾರಾದರೂ ಕೊಳ್ಳುತ್ತಾರೆ.

ಅಚ್ಚಿನ ದೋಷ

ಲಕ್ಷಗಟ್ಟಲೆ ಏಟು ತಿಂದ ಉಕ್ಕಿನ ಅಚ್ಚು ಬಿರುಕು ಬಿಡುತ್ತದೆ. ಆ ಬಿರುಕಿಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಮೂಡುತ್ತದೆ. ಅದು ತಗ್ಗಿದ ಗೆರೆಯಾಗಿದ್ದರೆ ನಾಣ್ಯದ ಮೇಲೆ ಬಿದ್ದ ಗೀರು. ಉಬ್ಬೋ ತಗ್ಗೋ ಎಂದು ಉಗುರಿನಿಂದ ತಡವಿ ನೋಡುವುದೇ ಹೊಸಬರು ಕಲಿಯಬೇಕಾದ ಮೊದಲ ಪಾಠ. ಕೂದಲೆಳೆಯ ಬಿರುಕುಗಳು, ಅಚ್ಚಿನ ಚಿಕ್ಕ ಚಕ್ಕೆ ಎದ್ದು ಬರುವ ಗುಳ್ಳೆಗಳು, ಎಣ್ಣೆ ಮತ್ತು ಲೋಹದ ಪುಡಿ ತುಂಬಿಕೊಂಡು ಅರ್ಧ ಅಳಿಸಿದ ಅಕ್ಷರಗಳು ಎಲ್ಲ ದೇಶಗಳ ನಾಣ್ಯಗಳಲ್ಲೂ ಹೇರಳ. ಇವು ಕಾರ್ಖಾನೆಯ ದಿನನಿತ್ಯದ ಸವೆತ. ನಾಣ್ಯಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ದೊಡ್ಡ ಸಂಸ್ಥೆಗಳು ಇಂಥ ಸಣ್ಣಪುಟ್ಟದ್ದನ್ನು ದೋಷವೆಂದೇ ನಮೂದಿಸುವುದಿಲ್ಲ. ಬಿರುಕು ಬೆಳೆದು ಅಚ್ಚಿನ ಅಂಚಿನ ತುಂಡೇ ಉದುರಿ, ನಾಣ್ಯದ ಆ ಭಾಗದಲ್ಲಿ ಅಕ್ಷರ, ಅಂಚು ಏನೂ ಇಲ್ಲದ ದಿಮ್ಮಿ ಮೂಡಿದರೆ ಅದು ‘ಕಡ್’. ಅದನ್ನು ಎತ್ತಿಡುವುದರಲ್ಲಿ ಅರ್ಥವಿದೆ.

ಅಚ್ಚಿನ ದೋಷಗಳಲ್ಲಿ ಹೆಸರು ಮಾಡಿದ್ದು ಅಮೆರಿಕದ 1955ರ ಲಿಂಕನ್ ಸೆಂಟ್. ಆಗ ಒಂದು ಅಚ್ಚನ್ನು ತಯಾರಿಸಲು ಮೂಲ ಮಾದರಿಯನ್ನು ಒಂದಕ್ಕಿಂತ ಹೆಚ್ಚು ಸಲ ಅದರ ಮೇಲೆ ಒತ್ತಬೇಕಿತ್ತು. ಫಿಲಡೆಲ್ಫಿಯಾದಲ್ಲಿ ಎರಡನೆಯ ಒತ್ತು ಸ್ವಲ್ಪ ತಿರುಗಿ ಬಿದ್ದು, ಅಕ್ಷರಗಳೂ ಇಸವಿಯೂ ಎರಡೆರಡಾದವು; ಇಂಥದ್ದಕ್ಕೆ ಡಬಲ್ ಡೈ, ಅಂದರೆ ಜೋಡಿ ಅಚ್ಚು, ಎಂದು ಹೆಸರು. ತಪ್ಪು ಗೊತ್ತಾಗುವಷ್ಟರಲ್ಲಿ ಅವು ಒಳ್ಳೆಯ ನಾಣ್ಯಗಳ ರಾಶಿಯಲ್ಲಿ ಬೆರೆತುಹೋಗಿದ್ದವು. ರಾಶಿಯನ್ನೆಲ್ಲ ಕರಗಿಸುವ ಬದಲು ಹಾಗೇ ಬಿಟ್ಟರು. 20ರಿಂದ 24 ಸಾವಿರ ನಾಣ್ಯ ಹೊರಬಂದವೆಂಬುದು ಸಾಮಾನ್ಯ ಅಂದಾಜು. ಆಗ ಸಿಗರೇಟು ಪೊಟ್ಟಣದ ಬೆಲೆ 23 ಸೆಂಟ್. ಯಂತ್ರಕ್ಕೆ 25 ಸೆಂಟ್ ಹಾಕಿದರೆ ಉಳಿದ ಎರಡು ಸೆಂಟ್ ಪೊಟ್ಟಣದ ಹೊದಿಕೆಯೊಳಗೇ ಇರುತ್ತಿತ್ತು. ಜನ ಇವನ್ನು ಮೊದಲು ಕಂಡದ್ದು ಅಲ್ಲಿ. ಕನ್ನಡಕ ಬೇಕಿಲ್ಲದೆ ಎರಡಾಗಿ ಕಾಣುವ ಆ ಇಸವಿಗಾಗಿ ಇಂದಿಗೂ ಸಾವಿರಾರು ಡಾಲರ್ ಕೊಡುತ್ತಾರೆ.

ಅದೇ ವರ್ಷದ ಸೆಂಟ್‌ಗಳಲ್ಲಿ ‘ಬಡವರ ಡಬಲ್ ಡೈ’ ಎಂಬ ಇನ್ನೊಂದು ಗುಂಪಿದೆ. ಅದರಲ್ಲಿ ಕೊನೆಯ 5 ಮಾತ್ರ ಎರಡಾದಂತೆ ತೋರುತ್ತದೆ. ಕಾರಣ ಬರೀ ಅಚ್ಚಿನ ಸವೆತ. ಅದರ ಬೆಲೆ ಚಿಲ್ಲರೆ ಹಣ. ಒಂದೇ ವರ್ಷ, ಒಂದೇ ಮುಖಬೆಲೆ, ಒಂದೇ ಬಗೆಯ ನೋಟ. ಕಾರಣ ಬೇರೆಯಾದ್ದರಿಂದ ಬೆಲೆಯೂ ಆಕಾಶ ಪಾತಾಳ. ಮೂರನೆಯದೊಂದು ಬಗೆಯೂ ಇದೆ. ಏಟು ಬಿದ್ದ ಮೇಲೆ ಸಡಿಲವಾದ ಅಚ್ಚು ನಾಣ್ಯದ ಮೇಲೆ ಅಲುಗಿ ಅಕ್ಷರದ ಬದಿಯನ್ನು ಒರೆಸಿಕೊಂಡು ಹೋಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ನಿಜವಾದ ಜೋಡಿ ಅಚ್ಚಿನಲ್ಲಿ ಎರಡೂ ಅಕ್ಷರಗಳು ದುಂಡಗೆ ಎದ್ದಿರುತ್ತವೆ, ಅಕ್ಷರದ ತುದಿಗಳಲ್ಲಿ ಸೀಳು ಕಾಣುತ್ತದೆ, ಒಟ್ಟಾರೆ ಅಕ್ಷರ ದಪ್ಪವಾಗಿರುತ್ತದೆ. ಅಲುಗಿದ ಅಚ್ಚಿನ ಪ್ರತಿಯಲ್ಲಿ ಅಕ್ಷರದ ಪಕ್ಕ ತಗ್ಗಾದ, ಹೊಳೆಯುವ, ಚಪ್ಪಟೆ ಮೆಟ್ಟಿಲೊಂದು ಇರುತ್ತದೆ. ಅಕ್ಷರ ಇದ್ದದ್ದಕ್ಕಿಂತ ಸಣ್ಣದಾಗಿರುತ್ತದೆ. ನಮ್ಮ ಸ್ಟೀಲ್ ನಾಣ್ಯಗಳಲ್ಲಿ ‘ಡಬಲ್ ಪ್ರಿಂಟ್’ ಎಂದು ತೋರಿಸುವವುಗಳಲ್ಲಿ ಹೆಚ್ಚಿನವು ಈ ಮೂರನೆಯ ಬಗೆಗೆ ಸೇರುತ್ತವೆ. ಅವಕ್ಕೆ ಮುಖಬೆಲೆ ಸಾಕು.

1937ರಲ್ಲಿ ಅಮೆರಿಕದ ಡೆನ್ವರ್ ಟಂಕಸಾಲೆಯಲ್ಲಿ ಒಂದು ಅಚ್ಚಿನ ಕಲೆ ತೆಗೆಯಲು ಅದನ್ನು ಅತಿಯಾಗಿ ಉಜ್ಜಿದಾಗ ಐದು ಸೆಂಟ್ ನಾಣ್ಯದ ಕಾಡೆಮ್ಮೆಯ ಮುಂಗಾಲೊಂದು ಅಳಿಸಿಹೋಯಿತು. ಮೂರು ಕಾಲಿನ ಈ ಪ್ರಾಣಿ ದುಬಾರಿಯಾದೊಡನೆ ಸಾಧಾರಣ ನಾಣ್ಯಗಳ ಕಾಲು ಕೆರೆದು ಮಾರುವ ದಂಧೆ ಹುಟ್ಟಿತು. ಅಸಲಿ ನಾಣ್ಯದಲ್ಲಿ ಕಾಡೆಮ್ಮೆಯ ಹೊಟ್ಟೆಯ ಕೆಳಗೆ ಉಬ್ಬಿದ ಚುಕ್ಕೆಗಳ ಸಾಲೊಂದಿದೆ. ಕೆರೆದು ಮಾಡಿದ್ದರಲ್ಲಿ ಅದನ್ನು ತರಲಾಗುವುದಿಲ್ಲ.

ಏಟಿನ ದೋಷ

ಬಿಲ್ಲೆ ಅಚ್ಚಿನ ನಡುವೆ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಬದಿಗೆ ಸರಿದು ಇನ್ನೊಂದು ಬದಿ ಬೋಳಾಗಿ ಉಳಿಯುತ್ತದೆ. ಶೇ. 5ರಷ್ಟು ಸರಿದದ್ದನ್ನು ಯಾರೂ ಕೇಳುವುದಿಲ್ಲ. ಅರ್ಧದಷ್ಟು ಸರಿದು, ಇಸವಿಯೂ ಟಂಕಸಾಲೆಯ ಗುರುತೂ ಉಳಿದುಕೊಂಡಿದ್ದರೆ ಅದಕ್ಕೆ ಹೆಚ್ಚು ಬೇಡಿಕೆ. ಇಸವಿ ಇಲ್ಲದ ದೋಷ ಯಾವ ವರ್ಷದ್ದೆಂದು ಹೇಳಲಾಗದೆ ಸೊರಗುತ್ತದೆ. ಕಾಲರ್ ಇಲ್ಲದೆ ಏಟು ಬಿದ್ದರೆ ಲೋಹ ಹರಡಿ ನಾಣ್ಯ ಇರಬೇಕಾದ್ದಕ್ಕಿಂತ ಅಗಲವಾಗುತ್ತದೆ, ಅಂಚಿನ ಗೀರು ಇರುವುದಿಲ್ಲ.

ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಯ ಮೇಲೆ ತನ್ನದೇ ಪಡಿಯಚ್ಚನ್ನು ಒತ್ತಿದರೆ ಆ ನಾಣ್ಯದ ಒಂದು ಮುಖ ಸರಿಯಾಗಿ, ಇನ್ನೊಂದು ಮುಖ ಅದೇ ಚಿತ್ರದ ತಿರುಗುಮುರುಗು ತಗ್ಗಿನ ರೂಪದಲ್ಲಿ ಇರುತ್ತದೆ. ಭಾರತದ ವ್ಯಾಪಾರಿಗಳು ಇದನ್ನು ‘ಲಖಿ’ ಎನ್ನುತ್ತಾರೆ. ಬ್ರಿಟಿಷ್ ಕಾಲದ ಕಾಲಾಣೆಯಿಂದ ಇಂದಿನ ಸ್ಟೀಲ್ ನಾಣ್ಯದವರೆಗೆ ಲಖಿಗೆ ಹರಾಜಿನಲ್ಲಿ ಗಿರಾಕಿ ಸಿಕ್ಕೇ ಸಿಗುತ್ತಾರೆ. ಆದರೆ ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವೈಸ್‌ನಲ್ಲಿ ಒತ್ತಿಯೂ ತಗ್ಗಿನ ಅಕ್ಷರ ಮೂಡಿಸಬಹುದು. ಹಾಗೆ ಮಾಡಿದಾಗ ಮೊದಲಿದ್ದ ಚಿತ್ರ ಪೂರ್ತಿ ಅಳಿಯದೆ ಜಜ್ಜಿಹೋಗಿ ಉಳಿದಿರುತ್ತದೆ.

ನಮ್ಮಲ್ಲಿ ಅತಿ ಸುಲಭವಾಗಿ ಕೈಗೆ ಸಿಗುವ ಏರುಪೇರು ಅಚ್ಚು ತಿರುಗಿರುವುದು. ನಾಣ್ಯದ ಮೇಲ್ತುದಿ ಕೆಳತುದಿಗಳನ್ನು ಎರಡು ಬೆರಳಲ್ಲಿ ಹಿಡಿದು ಪುಟ ಮಗುಚುವ ಹಾಗೆ ಪಕ್ಕಕ್ಕೆ ತಿರುಗಿಸಬೇಕು. ಇಂದಿನ ಭಾರತೀಯ ನಾಣ್ಯವಾದರೆ ಹಿಂಬದಿಯ ಚಿತ್ರವೂ ನೆಟ್ಟಗೆ ನಿಂತಿರಬೇಕು. ಹತ್ತು ಹದಿನೈದು ಡಿಗ್ರಿ ವಾಲುವುದು ಮಾಮೂಲು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 90 ಡಿಗ್ರಿ ಅಥವಾ ಪೂರ್ತಿ ತಲೆಕೆಳಗಾಗಿದ್ದರೆ ಎತ್ತಿಡಬಹುದು. ಅಮೆರಿಕದ ನಾಣ್ಯಗಳಲ್ಲಿ ಮಾತ್ರ ತಲೆಕೆಳಗಾಗಿರುವುದೇ ನಿಯಮ. ಅಲ್ಲಿಂದ ಬಂದ ನೆಂಟರು ಕೊಟ್ಟ ಕ್ವಾರ್ಟರ್ ಅನ್ನು ಇದೇ ಪರೀಕ್ಷೆಗೆ ಒಡ್ಡಿ ಹಿಗ್ಗುವುದು ಬೇಡ.

ಕೈಯಲ್ಲಿ ಒತ್ತಿದ ಕಾಲದ ನಾಣ್ಯಗಳು

ಮೇಲಿನದೆಲ್ಲ ಯಂತ್ರದ ನಾಣ್ಯಕ್ಕೆ ಮಾತ್ರ ಅನ್ವಯಿಸುತ್ತದೆ. ವಿಜಯನಗರದ ವರಾಹ, ಮೈಸೂರಿನ ಹಣ, ಮೊಗಲರ ರೂಪಾಯಿ ಇವನ್ನೆಲ್ಲ ಸುತ್ತಿಗೆಯ ಏಟಿನಿಂದ ಒತ್ತುತ್ತಿದ್ದರು. ಹೆಚ್ಚಿನ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದು, ಆದ್ದರಿಂದ ಚಿತ್ರ ಬದಿಗೆ ಸರಿಯುವುದು, ಬರಹ ಅರ್ಧ ಕತ್ತರಿಸಿರುವುದು ಸಹಜ ಸ್ಥಿತಿಯೇ. ಕಂಠೀರವ ನರಸರಾಜ ಒಡೆಯರ (1638–59) ನರಸಿಂಹನ ಚಿನ್ನದ ಹಣ ಅರ್ಧ ಗ್ರಾಂ ಕೂಡ ತೂಗದ ಚೂರು. ಅದರಲ್ಲಿ ದೇವರ ಮೂರ್ತಿ ಪೂರ್ತಿ ಕೂತಿದ್ದರೆ ಅದೇ ವಿಶೇಷ. ಟಿಪ್ಪುವಿನ ಆನೆ ಪೈಸೆಯಲ್ಲಿ ಎರಡೇಟು ಬಿದ್ದ ಗುರುತು ಕಂಡರೆ ಬೆಲೆ ಏರುವುದಿಲ್ಲ. ಆನೆಯೂ ಬಾವುಟವೂ ಟಂಕಸಾಲೆಯ ಹೆಸರೂ ನಿಚ್ಚಳವಾಗಿದ್ದರೆ ಏರುತ್ತದೆ. ಯಂತ್ರದ ನಾಣ್ಯದಲ್ಲಿ ಕೆಡುಕಿಗೆ ಬೆಲೆ, ಕೈ ನಾಣ್ಯದಲ್ಲಿ ಅಚ್ಚುಕಟ್ಟಿಗೆ ಬೆಲೆ. ಹಳೆಯ ನಾಣ್ಯವನ್ನೂ ‘ಎರರ್’ ಎಂದು ಹಣೆಪಟ್ಟಿ ಹಚ್ಚಿ ಮಾರುವವರು ಈ ಸರಳ ವಿಷಯವನ್ನು ಬೇಕೆಂದೇ ಮರೆಯುತ್ತಾರೆ.

1911ರ ಐದನೆಯ ಜಾರ್ಜ್ ರೂಪಾಯಿಯ ಪ್ರಸಂಗವೇ ಬೇರೆ. ದೊರೆಯ ನಿಲುವಂಗಿಯ ಮೇಲಿನ ಆನೆಯ ಚಿತ್ರ ಹಂದಿಯಂತಿದೆ ಎಂದು ಆಕ್ಷೇಪ ಎದ್ದು, ಒತ್ತಿದ ನಾಣ್ಯಗಳಲ್ಲಿ ಬಹುಪಾಲನ್ನು ತಡೆಹಿಡಿದು ಕರಗಿಸಿದರು. ಮುಂದಿನ ವರ್ಷ ಸೊಂಡಿಲನ್ನು ಸ್ಪಷ್ಟವಾಗಿ ತಿದ್ದಿದ ಚಿತ್ರ ಬಂತು. ‘ಹಂದಿ ರೂಪಾಯಿ’ ಎಂದು ಹೆಸರಾದ ಇದಕ್ಕೆ ಸಾಮಾನ್ಯ ರೂಪಾಯಿಗಿಂತ ಹೆಚ್ಚು ಬೆಲೆಯಿದೆ. ಆದರೂ ಅದು ವಿನ್ಯಾಸದ ಎಡವಟ್ಟು, ಟಂಕದೋಷವಲ್ಲ.

ಕೃತಕ ದೋಷಗಳು

‘ಶೋಲೆ’ ಚಿತ್ರದ (1975) ಜಯ್ ಕೈಯಲ್ಲಿದ್ದ, ಎರಡೂ ಕಡೆ ಒಂದೇ ಮುಖದ ನಾಣ್ಯ ರಾಮನಗರದ ಬಂಡೆಗಳಷ್ಟೇ ಪ್ರಸಿದ್ಧ. ಅಂಥ ನಾಣ್ಯಗಳು ಜಾದೂ ಸಾಮಗ್ರಿಯಾಗಿ ಈಗಲೂ ಸಿಗುತ್ತವೆ. ಒಂದು ನಾಣ್ಯದ ಒಳಭಾಗವನ್ನು ಲೇತ್‌ನಲ್ಲಿ ಕೊರೆದು, ಇನ್ನೊಂದನ್ನು ತೆಳುವಾಗಿ ತೇಯ್ದು ಅದರೊಳಗೆ ಕೂರಿಸಿ ಮಾಡುತ್ತಾರೆ. ಅಂಚಿನ ಒಳಬದಿಯಲ್ಲಿ ಕೂಡುಗೆರೆ ಸಿಗುತ್ತದೆ, ಕಲ್ಲಿನ ಮೇಲೆ ಬೀಳಿಸಿದರೆ ನಾದವೂ ಬೇರೆ.

ಎರಡು ಲೋಹದ ಹತ್ತು ರೂಪಾಯಿ ನಾಣ್ಯ 2009ರಲ್ಲಿ ಬಂದ ಮೇಲೆ ಹೊಸ ಬಗೆಯ ಕೈಚಳಕ ಶುರುವಾಯಿತು. ಇದರಲ್ಲಿ ಹೊರಬಳೆಯೂ ನಡುಬಿಲ್ಲೆಯೂ ಬಿಡಿಬಿಡಿಯಾಗಿ ಪ್ರೆಸ್ಸಿಗೆ ಹೋಗಿ ಒಂದೇ ಏಟಿಗೆ ಕೂಡಿಕೊಂಡು ಚಿತ್ರವನ್ನೂ ಪಡೆಯುತ್ತವೆ. ಎರಡಕ್ಕೂ ಚಿತ್ರ ಕೊಡುವುದು ಒಂದೇ ಅಚ್ಚು. ಹಾಗಾಗಿ ನಡುವಿನ ಚಿತ್ರ ಬಳೆಯ ಬರಹಕ್ಕೆ ಹೋಲಿಸಿದರೆ ತಿರುಗಿ ನಿಂತಿದ್ದರೆ ಅದು ಟಂಕಸಾಲೆಯಲ್ಲಿ ಆಗುವ ಸಂಗತಿಯೇ ಅಲ್ಲ. ಸಡಿಲವಾದ ನಡುಬಿಲ್ಲೆಯನ್ನು ಯಾರೋ ಕಿತ್ತು ಮತ್ತೆ ಕೂರಿಸಿದ್ದಾರೆ. ನಡುಬಿಲ್ಲೆಯ ಲೋಹ ಒಂದು ಕಡೆ ಬಳೆಯ ಮೇಲೆ ಹರಿದು, ಚಿತ್ರ ಮಾತ್ರ ತನ್ನ ಜಾಗದಲ್ಲೇ ಇದ್ದರೆ ಆಗ ಅಸಲಿ ದೋಷ ಸಿಕ್ಕಿತೆನ್ನಬಹುದು. ಆಮ್ಲದಲ್ಲಿ ಅದ್ದಿ ತೆಳುವಾಗಿಸಿದವು, ರೈಲು ಹಳಿಯ ಮೇಲಿಟ್ಟು ಹರಡಿಸಿದವು, ಬೆಂಕಿಗೆ ಹಿಡಿದು ಬಣ್ಣ ಬದಲಿಸಿದವು ಮೊದಲ ನೋಟಕ್ಕೇ ಗೊತ್ತಾಗುತ್ತವೆ.

ಮಾರುಕಟ್ಟೆ

ಎಷ್ಟು ಪ್ರತಿಗಳಿವೆ ಎಂಬುದರ ಜೊತೆಗೆ ಎಷ್ಟು ಜನರಿಗೆ ಬೇಕು ಎಂಬುದೂ ಬೆಲೆ ಕಟ್ಟುತ್ತದೆ. ಬ್ರಿಟನ್ನಿನ ರಾಯಲ್ ಮಿಂಟ್ 2008ರಲ್ಲಿ 20 ಪೆನ್ಸ್ ನಾಣ್ಯದ ಹೊಸ ವಿನ್ಯಾಸ ತಂದಾಗ ಇಸವಿಯನ್ನು ಹಿಂಬದಿಯಿಂದ ರಾಣಿಯ ಬದಿಗೆ ಸಾಗಿಸಿತು. ರಾಣಿಯ ಹಳೆಯ ಅಚ್ಚೇ ಹೊಸ ಹಿಂಬದಿಯ ಜೊತೆ ಪ್ರೆಸ್ಸಿಗೆ ಹೋದದ್ದರಿಂದ ಎರಡೂ ಕಡೆ ಇಸವಿಯಿಲ್ಲದ ನಾಣ್ಯಗಳು ಹೊರಬಿದ್ದವು. 50 ಸಾವಿರದಿಂದ ಎರಡೂವರೆ ಲಕ್ಷದವರೆಗೆ ಇರಬಹುದೆಂಬ ಅಂದಾಜಿತ್ತು. ಮೊದಮೊದಲು ಹರಾಜು ತಾಣಗಳಲ್ಲಿ ಸಾವಿರಾರು ಪೌಂಡ್ ಕೂಗಿದವರಿದ್ದರು. ಕೊನೆಗೆ ನಿಂತದ್ದು ಅದರ ಒಂದು ಸಣ್ಣ ಪಾಲಿಗೆ. 2007ರ ಅಮೆರಿಕದ ವಾಷಿಂಗ್ಟನ್ ಡಾಲರ್‌ಗೂ ಇದೇ ಗತಿ. ಅಂಚಿನ ಬರಹ ಬಿಟ್ಟುಹೋದ ಪ್ರತಿಗಳು ಸಾವಿರಗಟ್ಟಲೆ ಸಿಗತೊಡಗಿದಂತೆ ಬೆಲೆ ಕುಸಿಯಿತು. ಸುದ್ದಿ ಬಂದ ವಾರ ಕೊಂಡವರಿಗೇ ಹೆಚ್ಚು ನಷ್ಟ.

ಭಾರತದಲ್ಲಿ ಗಣರಾಜ್ಯದ ನಾಣ್ಯಗಳ ದೋಷ ಸಂಗ್ರಹಿಸುವವರ ಸಂಖ್ಯೆ ದೊಡ್ಡದೇನಲ್ಲ. ಲಖಿ, ದೊಡ್ಡ ಸರಿತ, ತಪ್ಪು ಬಿಲ್ಲೆ, ಎರಡೇಟು ಇವಕ್ಕೆ ಹರಾಜಿನಲ್ಲಿ ಜಾಗವಿದೆ. ಮಸುಕು ಅಕ್ಷರ, ಸಣ್ಣ ತಿರುವು, ಕೂದಲೆಳೆ ಬಿರುಕಿಗೆ ಅಲ್ಲಿ ಜಾಗವಿಲ್ಲ, ಎಷ್ಟು ವರ್ಷ ಇಟ್ಟುಕೊಂಡರೂ. ದರ್ಜೆ ಕೊಡಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಸುವ ಖರ್ಚೇ ಇಂಥ ನಾಣ್ಯದ ಬೆಲೆಗಿಂತ ಹಲವು ಪಟ್ಟು ಹೆಚ್ಚು. ಭೂತಗನ್ನಡಿ ಹಿಡಿಯದೆ, ಒಂದು ಮೊಳ ದೂರದಿಂದ ನೋಡಿದರೂ ದೋಷ ಕಾಣುತ್ತದೆಯೇ ಎಂಬ ಒರಟು ಅಳತೆ ಬಹುಪಾಲು ಸರಿಯಾದ ಉತ್ತರ ಕೊಡುತ್ತದೆ. ಕಲಿಯಲೆಂದು ಇಟ್ಟುಕೊಳ್ಳುವವರ ಮಾತು ಬೇರೆ. ಬಿರುಕು ಬೆಳೆಯುತ್ತ ಕಡ್ ಆಗುವ ಮೂರು ನಾಲ್ಕು ಹಂತಗಳ ಐದು ರೂಪಾಯಿ ನಾಣ್ಯಗಳನ್ನು ಸಾಲಾಗಿ ಜೋಡಿಸಿದರೆ ಒಂದು ಅಚ್ಚಿನ ಆಯುಷ್ಯವೇ ಕಣ್ಣೆದುರು ಬರುತ್ತದೆ, ಖರ್ಚು ಇಪ್ಪತ್ತು ರೂಪಾಯಿ.

ವದಂತಿಗಳ ಹಾವಳಿಯೂ ಕಡಿಮೆಯಿಲ್ಲ. ವೈಷ್ಣೋದೇವಿ ಚಿತ್ರದ 2012ರ ಐದು, ಹತ್ತು ರೂಪಾಯಿ ನಾಣ್ಯಗಳಿಗೆ ಲಕ್ಷಗಟ್ಟಲೆ ಕೊಡುತ್ತಾರೆಂಬ ಸುದ್ದಿ ವರ್ಷಗಳಿಂದ ಸುತ್ತುತ್ತಿದೆ. ಅವು ಸಾಮಾನ್ಯ ಸ್ಮಾರಕ ನಾಣ್ಯಗಳು. ಹತ್ತು ರೂಪಾಯಿ ನಾಣ್ಯದಲ್ಲಿ ಹತ್ತು ಗೆರೆಯಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂಬ ಮಾತು ಹಬ್ಬಿ ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ಜಗಳವಾದದ್ದೂ ಉಂಟು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಆವರೆಗೆ ಹೊರಬಂದ 14 ವಿನ್ಯಾಸಗಳೂ ಸಿಂಧು ಎಂದು ಸ್ಪಷ್ಟಪಡಿಸಬೇಕಾಯಿತು. ಹಳೆಯ ನಾಣ್ಯ, ನೋಟು ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ಅದೇ ಬ್ಯಾಂಕ್ ಎಚ್ಚರಿಕೆ ಹೊರಡಿಸಿತು. ಮಾರುವವನಿಂದಲೇ ಮುಂಗಡ ಕೇಳುವ ಕೊಳ್ಳುಗ ನಾಣ್ಯದ ವ್ಯಾಪಾರಿಯಲ್ಲ.

ಜೋಪಾನ

ಎತ್ತಿಡಲು ತಕ್ಕದ್ದೆನಿಸಿದ ನಾಣ್ಯವನ್ನು ತಿಕ್ಕಬಾರದು. ಹುಣಸೆಹಣ್ಣು, ನಿಂಬೆ, ಬೂದಿ, ಪಾತ್ರೆ ಬೆಳಗುವ ಪುಡಿ ಯಾವುದು ಮುಟ್ಟಿದರೂ ಮೇಲ್ಮೈಯ ಸಹಜ ಹೊಳಪು ಹೋಗಿ ಸಣ್ಣ ಗೀರುಗಳು ಉಳಿಯುತ್ತವೆ. ಆಮೇಲೆ ದೋಷ ಅಸಲಿಯೇ ಎಂದು ಹೇಳುವುದು ತಜ್ಞರಿಗೂ ಕಷ್ಟ, ಏಕೆಂದರೆ ಕೆರೆದು ಮಾಡಿದ ನಕಲಿಗೂ ಅಂಥದೇ ಗೀರುಗಳಿರುತ್ತವೆ. ಅಗ್ಗದ ಪಿವಿಸಿ ಕವರುಗಳು ಕಾಲಾನಂತರ ಹಸಿರು ಜಿಡ್ಡು ಬಿಡುತ್ತವೆ. ಕಿಟಕಿಯಿರುವ ರಟ್ಟಿನ ಚೌಕಗಳು ಅಗ್ಗವೂ ಹೌದು, ಸುರಕ್ಷಿತವೂ ಹೌದು. ರಟ್ಟಿನ ಮೇಲೆ ತೂಕ, ಸಿಕ್ಕ ದಿನ, ದೋಷ ಯಾವ ಹಂತದ್ದೆಂಬ ಊಹೆ ಬರೆದಿಟ್ಟರೆ ಮುಂದೆ ಇನ್ನೊಂದು ಪ್ರತಿ ಸಿಕ್ಕಾಗ ಹೋಲಿಸಲು ಅನುಕೂಲ. ದೋಷವಿದೆ ಎಂಬ ಕಾರಣಕ್ಕೆ ನಾಣ್ಯವನ್ನು ಕರಗಿಸುವುದು, ತುಂಡರಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.